ಬಂಜರು ಎಂಬ ಹಣೆಪಟ್ಟಿ: ಭೂಪುನಶ್ಚೇತನದ ರಾಷ್ಟ್ರೀಯ ನೀತಿ - ಒಂದು ಚಾರಿತ್ರಿಕ ಅವಲೋಕನ

ಕರ್ನಾಟಕದ ಯಾವುದೇ ಹಳ್ಳಿಯ ಪಹಣಿಯನ್ನು ತೆರೆದು ನೋಡಿದರೂ ಅದರಲ್ಲಿ ‘ಖರಾಬು’ ಎಂಬ ಅಂಕಣವೊಂದು ಕಾಣಸಿಗುತ್ತದೆ. ಅರಬ್ಬಿ ಮೂಲದಿಂದ ಫಾರಸಿಯ ಮೂಲಕ ಕಂದಾಯದ ಭಾಷೆಗೆ ಇಳಿದು ಬಂದ ಈ ಪದಕ್ಕೆ ಕೆಟ್ಟದ್ದು, ಹಾಳಾದದ್ದು ಎಂದರ್ಥ. ಉಳುಮೆಗೆ ಒದಗದ ಕಲ್ಲುನೆಲ, ದಿಬ್ಬ ಮುಂತಾದವು ‘ಅ’ ಖರಾಬು. ದಾರಿ, ಹಳ್ಳ, ಸ್ಮಶಾನ ಮೊದಲಾಗಿ ಸಾರ್ವಜನಿಕ ಬಳಕೆಗೆ ಬಿಟ್ಟ ನೆಲ ‘ಬ’ ಖರಾಬು. ನೀರು ಹರಿಯುವ ಹಳ್ಳವೂ ಜನ ನಡೆಯುವ ದಾರಿಯೂ ಯಾವ ಅರ್ಥದಲ್ಲಿ ಕೆಟ್ಟವು ಎಂದು ಕೇಳಿದರೆ ದೊರೆಯುವ ಉತ್ತರ ಒಂದೇ: ಅವುಗಳಿಂದ ಸರ್ಕಾರಕ್ಕೆ ಕಂದಾಯ ಬರುವುದಿಲ್ಲ.

ಕಂದಾಯ ಬಾರದ ನೆಲವನ್ನೆಲ್ಲ ಒಂದೇ ಹೆಸರಿನಿಂದ ಕರೆಯುವ ಈ ರೂಢಿಗೆ ಹೋಲಿಸಿದರೆ ಕನ್ನಡ ನಾಡಿನ ಹಳ್ಳಿಗಳ ಪದಕೋಶ ಹೆಚ್ಚು ಸೂಕ್ಷ್ಮವಾದುದು. ದನಗಳಿಗೆ ಬಿಟ್ಟದ್ದು ಗೋಮಾಳ. ಅರಮನೆಯ ಹಿಂಡುಗಳಿಗೆ ಕಾಯ್ದಿಟ್ಟದ್ದು ಕಾವಲು. ಮರಗಳನ್ನು ನೆಟ್ಟು ಊರಿಗೆ ನೆರಳಾದದ್ದು ಗುಂಡುತೋಪು. ಅಡಿಕೆ ತೋಟಕ್ಕೆ ಗೊಬ್ಬರದ ಸೊಪ್ಪು ಕೊಡುವುದು ಸೊಪ್ಪಿನಬೆಟ್ಟ. ಮಲೆನಾಡಿನ ನಿತ್ಯಹಸುರಿನದು ಕಾನು. ಕೊಡಗಿನಲ್ಲಿ ಬಾಣೆ, ದಕ್ಷಿಣ ಕನ್ನಡದಲ್ಲಿ ಕುಮ್ಕಿ. ಕೊಡಲಿ ತಾಕಬಾರದ್ದು ದೇವರಕಾಡು. ಒಂದೆರಡು ವರ್ಷ ಉಳದೆ ಬಿಟ್ಟ ಹೊಲ ‘ಬೀಳು’. ಅದು ಹಾಳಾದ ನೆಲವಲ್ಲ, ವಿಶ್ರಾಂತಿಯಲ್ಲಿರುವ ನೆಲ. ಈ ಒಂದೊಂದು ಪದದ ಹಿಂದೆಯೂ ಒಂದು ಹಕ್ಕು, ಒಂದು ಕಟ್ಟಳೆ, ಒಂದು ಋತುಚಕ್ರವಿದೆ. ಭಾರತದಲ್ಲಿ ಸೊರಗಿದ ನೆಲವನ್ನು ಪುನಶ್ಚೇತನಗೊಳಿಸುವ ರಾಷ್ಟ್ರೀಯ ನೀತಿಯು, ಅದರಲ್ಲೂ ಇತ್ತೀಚೆಗೆ ವಾಯುಗುಣ ಬದಲಾವಣೆಗೆ ಪರಿಹಾರವೆಂದು ರೂಪುಗೊಂಡಿರುವ ನೀತಿಯು, ಈ ಪದಕೋಶವನ್ನು ಬಿಟ್ಟು ಖರಾಬಿನ ಭಾಷೆಯನ್ನೇ ಆನುವಂಶಿಕವಾಗಿ ಪಡೆಯಿತು. ಅದರ ಪರಿಣಾಮಗಳನ್ನು ಒಂದೂವರೆ ಶತಮಾನದ ಹರಹಿನಲ್ಲಿ ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಸಾಹತು ಕಾಲದ ತಳಹದಿ

ಕಾಡು ಕಡಿದರೆ ಹವೆ ಕೆಡುತ್ತದೆ ಎಂಬ ಆತಂಕ ಇಪ್ಪತ್ತೊಂದನೆಯ ಶತಮಾನದ ಆವಿಷ್ಕಾರವೆಂದು ತಿಳಿಯುವುದು ಸರಿಯಲ್ಲ. ಮರಗಳಿಗೂ ಮಳೆಗೂ ಇರುವ ಸಂಬಂಧವನ್ನು ಕುರಿತು ಮದರಾಸು ಪ್ರಾಂತದ ವೈದ್ಯಾಧಿಕಾರಿ ಎಡ್ವರ್ಡ್ ಬಾಲ್ಫರ್ 1849ರಷ್ಟು ಹಿಂದೆಯೇ ಬರೆದಿದ್ದನು. ಈ ವಿಚಾರಧಾರೆಯಲ್ಲಿ ಕನ್ನಡ ನಾಡಿಗೆ ನೇರ ಸಂಬಂಧವಿರುವವನು ಹ್ಯೂ ಕ್ಲೆಗಾರ್ನ್. 1840ರ ದಶಕದಲ್ಲಿ ಮೈಸೂರು ಸಂಸ್ಥಾನದ ನಗರ ವಿಭಾಗದಲ್ಲಿ ಶಸ್ತ್ರವೈದ್ಯನಾಗಿದ್ದ ಈತ, ಶಿವಮೊಗ್ಗದಲ್ಲಿ ಸ್ಥಳೀಯ ಕಲಾವಿದನೊಬ್ಬನಿಂದ ದಿನಕ್ಕೊಂದು ಗಿಡದ ಚಿತ್ರ ಬರೆಯಿಸುತ್ತಿದ್ದನು. ಉಷ್ಣವಲಯದ ಕಾಡುಗಳ ನಾಶದಿಂದಾಗುವ ಪರಿಣಾಮಗಳ ಬಗೆಗೆ ಬ್ರಿಟಿಷ್ ವಿಜ್ಞಾನ ಸಂಘಕ್ಕೆ 1851ರಲ್ಲಿ ಸಲ್ಲಿಸಲಾದ ವರದಿಯ ಪ್ರಮುಖ ಕರ್ತೃ ಈತನೇ. 1856ರಲ್ಲಿ ಮದರಾಸು ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿಯಾದನು. ಆತನ ದೃಷ್ಟಿಯಲ್ಲಿ ಮಲೆನಾಡಿನ ಕಾಡಿಗೆ ದೊಡ್ಡ ಶತ್ರು ಕುಮರಿ ಬೇಸಾಯ. ರೈಲುಹಳಿಗಳಿಗೂ ಹಡಗುಗಳಿಗೂ ಬೇಕಾಗಿದ್ದ ಮರದ ಪ್ರಮಾಣದ ಮುಂದೆ ಕುಮರಿ ಮಾಡುವವರು ಸುಡುತ್ತಿದ್ದ ಕಾಡಿನ ಪಾಲು ಎಷ್ಟೆಂಬ ಲೆಕ್ಕ ಆ ವಾದದಲ್ಲಿ ಹಿನ್ನೆಲೆಗೆ ಸರಿಯಿತು. ಹವೆ ಕೆಡುತ್ತಿದೆ ಎಂಬ ಅರಿವೂ, ಅದಕ್ಕೆ ಕಾರಣರು ಕಾಡಿನೊಳಗೇ ಇರುವ ಬಡವರು ಎಂಬ ತೀರ್ಮಾನವೂ ಜೊತೆಜೊತೆಯಾಗಿಯೇ ಹುಟ್ಟಿದವು ಎಂಬುದನ್ನು ಇಲ್ಲಿ ಗಮನಿಸಬೇಕು.

1855ರ ಡಾಲ್‌ಹೌಸಿಯ ಅರಣ್ಯ ಸನ್ನದು, 1864ರಲ್ಲಿ ಡೀಟ್ರಿಚ್ ಬ್ರಾಂಡಿಸ್‌ನ ನೇತೃತ್ವದಲ್ಲಿ ಅರಣ್ಯ ಇಲಾಖೆಯ ಸ್ಥಾಪನೆ, 1865ರ ಮೊದಲ ಅರಣ್ಯ ಕಾಯಿದೆ - ಇವೆಲ್ಲ ಸುಪರಿಚಿತ ಸಂಗತಿಗಳು. ಅವುಗಳಿಗಿಂತ ಮುಖ್ಯವಾದುದು 1878ರ ಕಾಯಿದೆ. ಸರ್ಕಾರದ ಒಡೆತನಕ್ಕೆ ಸೇರಿದ ಯಾವುದೇ ಅರಣ್ಯಭೂಮಿಯನ್ನು ‘ಅಥವಾ ಪಾಳುಭೂಮಿಯನ್ನು’ ಕಾಯ್ದಿಟ್ಟ ಅರಣ್ಯವೆಂದು ಸಾರಬಹುದೆಂಬ ನಿಯಮ, ಮುಂದೆ 1927ರ ಕಾಯಿದೆಯ ಮೂರನೆಯ ಪ್ರಕರಣವಾಗಿ ಉಳಿದುಬಂದಿತು. ಉಳುಮೆಯಾಗದ ನೆಲವೆಲ್ಲ ಪಾಳು; ಪಾಳೆಲ್ಲ ಸರ್ಕಾರದ್ದು; ಸರ್ಕಾರದ್ದೆಲ್ಲ ಕಾಡಾಗಬಹುದಾದದ್ದು ಎಂಬ ಮೂರು ಮೆಟ್ಟಿಲುಗಳ ತರ್ಕ ಇದರಿಂದ ಕಾನೂನಿನ ಬಲ ಪಡೆಯಿತು. ಇದನ್ನು ಅಂದಿನ ಅಧಿಕಾರಿಗಳೆಲ್ಲರೂ ಒಪ್ಪಿದ್ದರೆಂದು ಭಾವಿಸಬೇಕಾಗಿಲ್ಲ. ಹಳ್ಳಿಯ ಕಾಡು ಹಳ್ಳಿಯದೇ ಎಂದು ವಾದಿಸಿದ ಮದರಾಸಿನ ರೆವಿನ್ಯೂ ಮಂಡಳಿ ಈ ಕಾಯಿದೆಯನ್ನು ವಿರೋಧಿಸಿತು. ಆ ಪ್ರಾಂತಕ್ಕೆ 1882ರಲ್ಲಿ ಪ್ರತ್ಯೇಕ ಕಾಯಿದೆಯೇ ಆಯಿತು. ಕೃಷಿಯ ಸ್ಥಿತಿಗತಿಗಳನ್ನು ಅಧ್ಯಯನ ಮಾಡಿ 1893ರಲ್ಲಿ ವರದಿ ಪ್ರಕಟಿಸಿದ ವೋಲ್ಕರ್, ಹೊಲಕ್ಕೆ ಸೇರಬೇಕಾದ ಸಗಣಿ ಒಲೆಗೆ ಬೀಳುತ್ತಿರುವುದನ್ನು ಕಂಡು, ಸೌದೆಗೂ ಮೇವಿಗೂ ಪ್ರತ್ಯೇಕ ಮೀಸಲು ಕಾಡುಗಳಿರಬೇಕೆಂದು ಸೂಚಿಸಿದನು. ಅದರ ಬೆನ್ನಲ್ಲೇ ಬಂದ 1894ರ ಅರಣ್ಯ ನೀತಿಯು ಕಾಡುಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿ ನಾಲ್ಕನೆಯದಾಗಿ ಹುಲ್ಲುಗಾವಲನ್ನು ಹೆಸರಿಸಿತು. ಕಾಗದದ ಮೇಲಾದರೂ ಹುಲ್ಲಿಗೆ ಅಂದು ಒಂದು ಸ್ಥಾನವಿತ್ತು.

ಮೈಸೂರು ಸಂಸ್ಥಾನದಲ್ಲಿ ಹುಲ್ಲಿನ ಸ್ಥಾನ ಕಾಗದಕ್ಕಷ್ಟೇ ಸೀಮಿತವಾಗಿರಲಿಲ್ಲ. ಒಡೆಯರ ಕಾಲದ ಬೆಣ್ಣೆ ಚಾವಡಿಯು ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆಯಿತು. ಫಿರಂಗಿಗಳನ್ನೂ ಸೇನೆಯ ಸಾಮಗ್ರಿಯನ್ನೂ ಎಳೆಯುವ ಎತ್ತುಗಳನ್ನು ಸಾಕುವ ಈ ವ್ಯವಸ್ಥೆಗಾಗಿ ಚಿತ್ರದುರ್ಗ, ತುಮಕೂರು, ಹಾಸನ, ಕಡೂರು ಸೀಮೆಗಳಲ್ಲಿ ಕಾವಲುಗಳನ್ನು ಕಾಯ್ದಿಡಲಾಗಿತ್ತು. ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಅವುಗಳನ್ನು ವಿಂಗಡಿಸಿ, ಹಿಂಡುಗಳನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸಲಾಗುತ್ತಿತ್ತು. ಒಂದು ಕಾವಲಿನಲ್ಲಿ ದನ ಮೇಯುವಾಗ ಉಳಿದವುಗಳಲ್ಲಿ ಹುಲ್ಲು ಬೀಜಕಟ್ಟುತ್ತಿತ್ತು. ಪುನಶ್ಚೇತನ ಎಂಬ ಪದವಿಲ್ಲದಿದ್ದರೂ ಅದರ ಕ್ರಿಯೆ ವರ್ಷ ವರ್ಷವೂ ನಡೆಯುತ್ತಿತ್ತು. 1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಈ ಹಿಂಡನ್ನೇ ಚದುರಿಸಿದ ಬ್ರಿಟಿಷ್ ಆಡಳಿತ, ಎತ್ತುಗಳ ಅಭಾವ ಕಂಡ ಮೇಲೆ 1866ರಲ್ಲಿ ಅದನ್ನು ಮತ್ತೆ ಕಟ್ಟಬೇಕಾಯಿತು.

ಗಿಡ ನೆಡುವ ಗಣರಾಜ್ಯ

ಸ್ವಾತಂತ್ರ್ಯಾನಂತರದ ಭಾರತದಲ್ಲಿ ಗಿಡ ನೆಡುವುದು ಸಾರ್ವಜನಿಕ ಕರ್ತವ್ಯದ ಸ್ಥಾನ ಪಡೆಯಿತು. ಕೇಂದ್ರದ ಆಹಾರ ಮತ್ತು ಕೃಷಿ ಸಚಿವರಾಗಿದ್ದ ಕೆ. ಎಂ. ಮುನ್ಷಿಯವರು 1950ರ ಜುಲೈ ತಿಂಗಳಲ್ಲಿ ವನಮಹೋತ್ಸವವನ್ನು ಆರಂಭಿಸಿದರು. 1952ರ ರಾಷ್ಟ್ರೀಯ ಅರಣ್ಯ ನೀತಿಯು ದೇಶದ ಮೂರನೆಯ ಒಂದು ಭಾಗ ಕಾಡಾಗಿರಬೇಕೆಂದೂ, ಗುಡ್ಡಗಾಡುಗಳಲ್ಲಿ ಶೇ. 60, ಬಯಲಿನಲ್ಲಿ ಶೇ. 20 ಇರಬೇಕೆಂದೂ ಗುರಿ ಹಾಕಿತು. ಈ ಮೂರನೆಯ ಒಂದು ಭಾಗವೆಂಬ ಅಳತೆ ಅಂದಿನಿಂದ ಇಂದಿನವರೆಗೆ ನೀತಿಯ ಮಂತ್ರವಾಗಿ ಉಳಿದಿದೆ. ಮಳೆ ಕಡಿಮೆಯಿರುವ ಬಯಲುಸೀಮೆಯಲ್ಲಿ ಸಹಜವಾಗಿ ಬೆಳೆಯುವುದು ಮರವೋ ಹುಲ್ಲೋ ಎಂಬ ಪ್ರಶ್ನೆಯನ್ನು ಆ ಅಳತೆ ಕೇಳಲೇ ಇಲ್ಲ. ರಾಣೆಬೆನ್ನೂರಿನ ಹುಲ್ಲು-ಕುರುಚಲಿನ ಬಯಲುಗಳು, ಕೃಷ್ಣಮೃಗಗಳ ಆಡುಂಬೊಲಗಳು, ನೀಲಗಿರಿ ನೆಡುತೋಪುಗಳಾದದ್ದು ಹೀಗೆ. 1974ರಲ್ಲಿ ಅಲ್ಲಿ ಕೃಷ್ಣಮೃಗ ವನ್ಯಧಾಮವನ್ನು ಘೋಷಿಸಲಾಯಿತಾದರೂ ಕೃಷ್ಣಮೃಗಕ್ಕೆ ಬೇಕಾದ ಬಯಲಿನ ಬಹುಭಾಗದಲ್ಲಿ ಮರಗಳು ನಿಂತಿದ್ದವು.

1976ರ ರಾಷ್ಟ್ರೀಯ ಕೃಷಿ ಆಯೋಗದ ವರದಿ ಮುಂದಿನ ತಿರುವು. ಕೈಗಾರಿಕೆಗೆ ಬೇಕಾದ ಮರ ಅರಣ್ಯಭೂಮಿಯಲ್ಲಿ ಬೆಳೆಯಲಿ, ಜನರಿಗೆ ಬೇಕಾದ ಸೌದೆ-ಮೇವು ಊರ ಸುತ್ತಲಿನ ನೆಲದಲ್ಲಿ ಸಾಮಾಜಿಕ ಅರಣ್ಯದ ಮೂಲಕ ಬೆಳೆಯಲಿ ಎಂಬುದು ಅದರ ಆಶಯ. ಅದೇ ವರ್ಷ 42ನೆಯ ತಿದ್ದುಪಡಿಯ ಮೂಲಕ ಅರಣ್ಯವು ಸಮವರ್ತಿ ಪಟ್ಟಿಗೆ ಬಂದಿತು. ಪರಿಸರ ರಕ್ಷಣೆಯನ್ನು ಕುರಿತ 48ಎ ಮತ್ತು 51ಎ ವಿಧಿಗಳು ಸಂವಿಧಾನಕ್ಕೆ ಸೇರಿದವು. 1980ರ ಅರಣ್ಯ ಸಂರಕ್ಷಣಾ ಕಾಯಿದೆ, ಕೇಂದ್ರದ ಅನುಮತಿಯಿಲ್ಲದೆ ಅರಣ್ಯಭೂಮಿಯನ್ನು ಅನ್ಯ ಉದ್ದೇಶಕ್ಕೆ ಕೊಡುವುದನ್ನು ತಡೆಯಿತು. ಈ ಕಾನೂನುಗಳ ಮಹತ್ತ್ವ ಸಣ್ಣದಲ್ಲ. ಆದರೆ ಸಾಮಾಜಿಕ ಅರಣ್ಯ ನೆಲದ ಮೇಲೆ ಪಡೆದ ರೂಪ ಬೇರೆ. 1983ರಿಂದ ವಿಶ್ವಬ್ಯಾಂಕ್ ಮತ್ತು ಬ್ರಿಟನ್ನಿನ ನೆರವಿನಿಂದ ಕರ್ನಾಟಕದಲ್ಲಿ ನಡೆದ ಯೋಜನೆಯ ಫಲವಾಗಿ ಕೋಲಾರ ಮತ್ತು ಸುತ್ತಲಿನ ಜಿಲ್ಲೆಗಳ ರಾಗಿ ಹೊಲಗಳಲ್ಲಿ ನೀಲಗಿರಿ ಹಬ್ಬಿತು. ನಂದಿಬೆಟ್ಟದ ಹಳೆಯ ಮರಗಳಿಂದ ಬಂದ ತಳಿ ‘ಮೈಸೂರು ಗಮ್’ ಎಂಬ ಹೆಸರಿನಿಂದಲೇ ಪ್ರಸಿದ್ಧವಾಯಿತು. ಕೂಲಿಯಾಳು ಬೇಡ, ಕಾವಲು ಬೇಡ, ದನ ಮುಟ್ಟುವುದಿಲ್ಲ ಎಂಬುದು ಭೂಮಾಲಿಕರಿಗೆ ಅನುಕೂಲವಾಯಿತು. ದನ ಮುಟ್ಟುವುದಿಲ್ಲ ಎಂಬುದೇ ಮೇವಿಗಾಗಿ ಕಾದಿದ್ದವರಿಗೆ ಪ್ರತಿಕೂಲವಾಯಿತು. ಅದೇ 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತಸಂಘದವರು ಇಲಾಖೆಯ ಸಸಿತೋಟಗಳಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತರು. ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಾಸೆ ಕಾಡಿನಲ್ಲಿ ಮರಗಳನ್ನು ಅಪ್ಪಿಕೊಂಡು ನಿಂತರು. ಒಂದೆಡೆ ಕಿತ್ತದ್ದು, ಇನ್ನೊಂದೆಡೆ ಅಪ್ಪಿದ್ದು. ಎರಡರ ಹಿಂದಿದ್ದ ವಿವೇಕ ಒಂದೇ. ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ, ಅಂದರೆ ಮೂರು ದಶಕಗಳಿಗೂ ಮಿಕ್ಕಿದ ಕಾಲದ ಬಳಿಕ.

1985: ಮಂಡಳಿಯೂ ಮೊಕದ್ದಮೆಯೂ

1985ರ ಜನವರಿ 5ರಂದು ಪ್ರಧಾನಿ ರಾಜೀವ್ ಗಾಂಧಿಯವರು ರಾಷ್ಟ್ರವನ್ನು ಉದ್ದೇಶಿಸಿ ಮಾಡಿದ ಪ್ರಸಾರ ಭಾಷಣದಲ್ಲಿ ರಾಷ್ಟ್ರೀಯ ಬಂಜರು ಭೂಮಿ ಅಭಿವೃದ್ಧಿ ಮಂಡಳಿಯ ಸ್ಥಾಪನೆಯನ್ನು ಪ್ರಕಟಿಸಿದರು. ಪ್ರತಿ ವರ್ಷ 50 ಲಕ್ಷ ಹೆಕ್ಟೇರಿನಲ್ಲಿ ಸೌದೆ ಮತ್ತು ಮೇವಿನ ಗಿಡಗಳನ್ನು ಬೆಳೆಸುವುದು ಗುರಿ. ಸೊರಗಿದ ನೆಲವನ್ನು ಸರಿಪಡಿಸುವುದನ್ನೇ ಮುಖ್ಯ ಕೆಲಸವಾಗಿಟ್ಟುಕೊಂಡ ರಾಷ್ಟ್ರಮಟ್ಟದ ಸಂಸ್ಥೆಯೊಂದು ಭಾರತದಲ್ಲಿ ಅಸ್ತಿತ್ವಕ್ಕೆ ಬಂದದ್ದು ಆಗ. ಅದರ ಮೊದಲ ಅಧ್ಯಕ್ಷೆ ಕಮಲಾ ಚೌಧರಿಯವರು. ಸೌದೆ ಮತ್ತು ಮೇವು ಎಂದು ಸ್ಪಷ್ಟವಾಗಿ ಹೇಳಿದ್ದರಿಂದ ಗುರಿಯ ದಿಕ್ಕು ಸರಿಯಾಗಿಯೇ ಇತ್ತು ಎನ್ನಬೇಕು. ಆದರೆ ವರ್ಷಕ್ಕೆ 50 ಲಕ್ಷ ಹೆಕ್ಟೇರೆಂಬ ಗುರಿಯನ್ನು ಯಾವ ವರ್ಷವೂ ಮುಟ್ಟಲಾಗಲಿಲ್ಲ.

ಮಂಡಳಿ ಕೊಟ್ಟ ವ್ಯಾಖ್ಯೆಯ ಪ್ರಕಾರ, ತಕ್ಕಷ್ಟು ಪ್ರಯತ್ನದಿಂದ ಹಸುರು ಹೊದಿಸಬಹುದಾದ, ಸದ್ಯಕ್ಕೆ ಪೂರ್ಣವಾಗಿ ಬಳಕೆಯಾಗದಿರುವ ನೆಲ ಬಂಜರು. ಯಾರ ಬಳಕೆಯ ಅಳತೆಯಲ್ಲಿ ‘ಪೂರ್ಣ’? ಬೇಸಿಗೆಯ ನಾಲ್ಕು ತಿಂಗಳು ಕುರಿಹಿಂಡು ನಿಲ್ಲುವ ಬಯಲು ಕಂದಾಯ ನಿರೀಕ್ಷಕನ ಕಣ್ಣಿಗೆ ಖಾಲಿ. ಕುರುಬನ ಕಣ್ಣಿಗೆ ತುಂಬಿದ ನೆಲ. ಈ ಗೊಂದಲದ ಪರಿಣಾಮ ಕರ್ನಾಟಕದಲ್ಲಿ ನ್ಯಾಯಾಲಯದ ಕಟ್ಟೆ ಹತ್ತಿದ ಪ್ರಸಂಗವನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ.

1984ರಲ್ಲಿ ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಕಂಪನಿ ಜೊತೆಗೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಸಂಸ್ಥೆಯನ್ನು ಸ್ಥಾಪಿಸಿದವು. ಧಾರವಾಡ, ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರ್, ಅಂದರೆ 75,000 ಎಕರೆಯಷ್ಟು ಸರ್ಕಾರಿ ಭೂಮಿಯಲ್ಲಿ ನೀಲಗಿರಿಯಂತಹ ಬೇಗ ಬೆಳೆಯುವ ಮರಗಳನ್ನು ನೆಟ್ಟು ಕಾರ್ಖಾನೆಗೆ ತಿರುಳುಮರ ಒದಗಿಸುವುದು ಯೋಜನೆಯ ಸಾರ. ಕಂದಾಯದ ಕಡತದಲ್ಲಿ ‘ಸಿ’ ಮತ್ತು ‘ಡಿ’ ದರ್ಜೆಯ ಭೂಮಿ ಎಂದಿದ್ದ ಈ ನೆಲ ಸುತ್ತಲಿನ ಹಳ್ಳಿಗಳಿಗೆ ಸೌದೆ, ಸೊಪ್ಪು, ಹುಲ್ಲು, ಹಣ್ಣುಹಂಪಲುಗಳ ಆಕರವಾಗಿತ್ತು. ಕಡತದಲ್ಲಿ ಕೆಳದರ್ಜೆಯಾದದ್ದು ಭೂಹೀನರ ಪಾಲಿಗೆ ಇದ್ದ ಒಂದೇ ಆಸ್ತಿ. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಈ ಯೋಜನೆಯ ವಿರುದ್ಧ ಹಳ್ಳಿಗಳನ್ನು ಸಂಘಟಿಸಿತು. ಕೋಟ ಶಿವರಾಮ ಕಾರಂತರೂ ಇತರರೂ ಅರ್ಜಿದಾರರಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 1987ರ ಮಾರ್ಚ್ ತಿಂಗಳಲ್ಲಿ ಯಥಾಸ್ಥಿತಿ ಕಾಪಾಡುವಂತೆ ಆದೇಶ ದೊರೆಯಿತು. ಎಂಬತ್ತರ ವಯಸ್ಸನ್ನು ದಾಟಿದ್ದ ಕಾರಂತರು 1989ರಲ್ಲಿ ಪರಿಸರದ ಪ್ರಶ್ನೆಯನ್ನೇ ಮುಂದಿಟ್ಟು ಲೋಕಸಭೆಗೆ ಸ್ಪರ್ಧಿಸಿದ್ದಕ್ಕೂ ಈ ಹಿನ್ನೆಲೆಯಿದೆ.

1987ರ ನವೆಂಬರ್ 14ರಂದು ಹಾನಗಲ್ಲು ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಹೋರಾಟಗಾರರು ಸಾಂಕೇತಿಕವಾಗಿ ನೀಲಗಿರಿ ಸಸಿಗಳನ್ನು ಕಿತ್ತು ಅವುಗಳ ಜಾಗದಲ್ಲಿ ಊರಿಗೆ ಉಪಯುಕ್ತವಾದ ಸಸಿಗಳನ್ನು ಹಚ್ಚಿದರು. ಧಾರವಾಡ ಸೀಮೆಯ ಆಡುಮಾತಿನ ಈ ಎರಡು ಕ್ರಿಯಾಪದಗಳಲ್ಲಿ ಒಂದು ಭೂನೀತಿಯೇ ಅಡಗಿದೆ ಎಂದರೆ ಉತ್ಪ್ರೇಕ್ಷೆಯಾಗದು. ಗಿಡ ನೆಡುವುದಕ್ಕೆ ಅವರ ವಿರೋಧವಿರಲಿಲ್ಲ. ಯಾವ ಗಿಡ, ಯಾರಿಗಾಗಿ, ಯಾರನ್ನು ಕೇಳಿ ಎಂಬುದೇ ಪ್ರಶ್ನೆಯಾಗಿತ್ತು. 1991ರಲ್ಲಿ ಸಂಸ್ಥೆಯನ್ನು ಮುಚ್ಚಲಾಯಿತು.

ಈ ನಡುವೆ ಬಂದ 1988ರ ರಾಷ್ಟ್ರೀಯ ಅರಣ್ಯ ನೀತಿ ಪರಿಸರ ಸಮತೋಲನವನ್ನು ಮೊದಲ ಗುರಿಯೆಂದು ಸಾರಿ, ಆದಾಯವನ್ನು ಅದಕ್ಕೆ ಅಧೀನಗೊಳಿಸಿತು. ಕೈಗಾರಿಕೆಗಳು ತಮಗೆ ಬೇಕಾದ ಮರವನ್ನು ರೈತರೊಡನೆ ನೇರ ಸಂಬಂಧ ಬೆಳೆಸಿ ಪಡೆಯಬೇಕು, ಸಹಜಾರಣ್ಯವನ್ನು ಅವುಗಳ ನೆಡುತೋಪಿಗೆ ಒದಗಿಸಬಾರದು ಎಂಬ ಮಾತು ಅದರಲ್ಲಿದೆ. ಕರ್ನಾಟಕದ ಹೋರಾಟವೊಂದರಿಂದಲೇ ಈ ಮಾತು ಬಂದಿತೆನ್ನಲಾಗದು. ಆದರೆ ಆ ಹೋರಾಟ ದೆಹಲಿಯವರೆಗೆ ಒಯ್ದ ಪ್ರಶ್ನೆಗೂ ಈ ಮಾತಿಗೂ ಇರುವ ಸಾಮ್ಯ ಆಕಸ್ಮಿಕವಲ್ಲ. 1990ರ ಜೂನ್ 1ರ ಸುತ್ತೋಲೆ, ಪಶ್ಚಿಮ ಬಂಗಾಳದ ಅರಬಾರಿಯಂತಹ ಪ್ರಯೋಗಗಳ ಅನುಭವದ ಮೇಲೆ, ಸೊರಗಿದ ಕಾಡನ್ನು ಹಳ್ಳಿಗರೊಡನೆ ಜಂಟಿಯಾಗಿ ಬೆಳೆಸುವ ದಾರಿ ತೆರೆಯಿತು. ಕರ್ನಾಟಕದಲ್ಲಿ 1993ರಿಂದ ಗ್ರಾಮ ಅರಣ್ಯ ಸಮಿತಿಗಳು ರಚನೆಯಾದವು. ಬಾಹ್ಯ ನೆರವು ಇರುವವರೆಗೆ ಚುರುಕಾಗಿದ್ದ ಅನೇಕ ಸಮಿತಿಗಳು ನೆರವು ನಿಂತ ಮೇಲೆ ನಿಸ್ತೇಜವಾದವು. ಮಂಡಳಿಯ ಕಥೆಯೂ ಹೀಗೆಯೇ: 1992ರಲ್ಲಿ ಅದು ಪರಿಸರ ಸಚಿವಾಲಯದಿಂದ ಗ್ರಾಮೀಣಾಭಿವೃದ್ಧಿ ಸಚಿವಾಲಯಕ್ಕೆ ಹೋಯಿತು, ಅರಣ್ಯದೊಳಗಿನ ನೆಲಕ್ಕೆ ಬೇರೊಂದು ಮಂಡಳಿ ಹುಟ್ಟಿತು, ಬಂಜರು ಭೂಮಿ ಇಲಾಖೆ 1999ರಲ್ಲಿ ಭೂಸಂಪನ್ಮೂಲ ಇಲಾಖೆಯಾಯಿತು. ಗುಡ್ಡದ ಮೇಲಿನ ನೆಲ ಒಂದು ಸಚಿವಾಲಯಕ್ಕೆ, ಗುಡ್ಡದ ಕೆಳಗಿನದು ಇನ್ನೊಂದಕ್ಕೆ ಎಂಬ ಹಂಚಿಕೆಯನ್ನು ಮಳೆನೀರು ಮಾತ್ರ ಒಪ್ಪಲಿಲ್ಲ. 1994ರ ಹನುಮಂತರಾವ್ ಸಮಿತಿಯ ಶಿಫಾರಸಿನಂತೆ ರೂಪುಗೊಂಡ ಜಲಾನಯನ ಮಾರ್ಗಸೂಚಿಗಳು ಈ ಒಡಕನ್ನು ತಕ್ಕಮಟ್ಟಿಗೆ ಬೆಸೆದವು. ದಿಬ್ಬದಿಂದ ಕಣಿವೆಗೆ ಇಳಿಯುವ ನೀರಿನ ದಾರಿಯನ್ನೇ ಯೋಜನೆಯ ಘಟಕವಾಗಿ ಹಿಡಿದದ್ದು ಈ ಇಡೀ ಚರಿತ್ರೆಯ ಅತ್ಯಂತ ವಿವೇಕಯುತ ಹೆಜ್ಜೆಗಳಲ್ಲಿ ಒಂದು.

ಅಂಕಿಗಳ ಏರಿಳಿತ

ದೇಶದಲ್ಲಿ ಸೊರಗಿದ ನೆಲ ಎಷ್ಟು? 1976ರ ಕೃಷಿ ಆಯೋಗ 17.5 ಕೋಟಿ ಹೆಕ್ಟೇರ್ ಎಂದಿತು. 1984ರ ಒಂದು ಅಂದಾಜು ಸುಮಾರು 13 ಕೋಟಿ ಎಂದಿತು. ಉಪಗ್ರಹ ಚಿತ್ರಗಳ ಆಧಾರದ ಮೇಲೆ 2000ದಲ್ಲಿ ಪ್ರಕಟವಾದ ಬಂಜರು ಭೂಮಿ ಭೂಪಟಸಂಪುಟ 6 ಕೋಟಿ 38 ಲಕ್ಷ ಹೆಕ್ಟೇರ್ ಎಂದರೆ, 2005ರ ಆವೃತ್ತಿ 5 ಕೋಟಿ 53 ಲಕ್ಷ, 2011ರದು 4 ಕೋಟಿ 67 ಲಕ್ಷ, 2019ರದು ಮತ್ತೆ 5 ಕೋಟಿ 58 ಲಕ್ಷ ಎಂದಿತು. 2010ರಲ್ಲಿ ಕೃಷಿ ವಿಜ್ಞಾನಿಗಳು ವಿವಿಧ ಅಂದಾಜುಗಳನ್ನು ಸಮನ್ವಯಗೊಳಿಸಿ ಹೇಳಿದ್ದು ಸುಮಾರು 12 ಕೋಟಿ. ಇಸ್ರೋದ ಅಹಮದಾಬಾದ್ ಕೇಂದ್ರ 2021ರಲ್ಲಿ ಪ್ರಕಟಿಸಿದ ಮರುಭೂಮೀಕರಣದ ಭೂಪಟಸಂಪುಟದ ಪ್ರಕಾರ 2018-19ರಲ್ಲಿ ಅದು 9 ಕೋಟಿ 78 ಲಕ್ಷ ಹೆಕ್ಟೇರ್, ಎಂದರೆ ದೇಶದ ಭೂಭಾಗದ ಶೇ. 29.77. ನೆಲ ಇಷ್ಟು ಬೇಗ ಕೆಟ್ಟು ಇಷ್ಟು ಬೇಗ ಸುಧಾರಿಸುವ ವಸ್ತುವಲ್ಲ. ಬದಲಾದದ್ದು ಬಹುಮಟ್ಟಿಗೆ ವ್ಯಾಖ್ಯೆ: ಒಬ್ಬರು ಮಣ್ಣಿನ ಸವಕಳಿಯನ್ನು ಅಳೆದರು, ಇನ್ನೊಬ್ಬರು ಹಸುರು ಹೊದಿಕೆಯನ್ನು, ಮತ್ತೊಬ್ಬರು ಬಳಕೆಯನ್ನು.

ಭೂಪಟಸಂಪುಟದ ವರ್ಗೀಕರಣದಲ್ಲಿ ಕುತೂಹಲಕರ ಸಂಗತಿಯೊಂದಿದೆ. ಕುರುಚಲು ನೆಲ, ಜೌಗುನೆಲ, ಮರಳುದಿಬ್ಬಗಳೊಂದಿಗೆ ಹಿಮ ಮುಸುಕಿದ ಪ್ರದೇಶ ಮತ್ತು ಹಿಮನದಿಗಳೂ ಅಲ್ಲಿ ಬಂಜರು ಭೂಮಿಯ ಒಂದು ವರ್ಗ. ಗಂಗೆ-ಯಮುನೆಗಳ ಮೂಲವಾದ ಹಿಮವನ್ನು ಉಳಿಸಲು ವಾಯುಗುಣ ಬದಲಾವಣೆಯ ರಾಷ್ಟ್ರೀಯ ಕಾರ್ಯಯೋಜನೆಯಲ್ಲಿ ಹಿಮಾಲಯಕ್ಕೆಂದೇ ಒಂದು ಅಭಿಯಾನವಿರುವಾಗ, ಇನ್ನೊಂದು ಇಲಾಖೆಯ ಪುಸ್ತಕದಲ್ಲಿ ಅದೇ ಹಿಮ ಬಂಜರು. ಖರಾಬಿನ ತರ್ಕ ಹಿಮಾಲಯದ ನೆತ್ತಿಯವರೆಗೂ ಏರಿದೆ.

ಇಂಗಾಲದ ಲೆಕ್ಕ

2008ರ ಜೂನ್ 30ರಂದು ಪ್ರಕಟವಾದ ಆ ಕಾರ್ಯಯೋಜನೆಯ ಎಂಟು ಅಭಿಯಾನಗಳಲ್ಲಿ ಹಸಿರು ಭಾರತ ಅಭಿಯಾನವೂ ಒಂದು. 2014ರ ಫೆಬ್ರವರಿಯಲ್ಲಿ ಕೇಂದ್ರ ಸಂಪುಟದ ಸಮಿತಿ ಇದಕ್ಕೆ ಒಪ್ಪಿಗೆ ನೀಡಿತು: ಹತ್ತು ವರ್ಷಗಳಲ್ಲಿ 50 ಲಕ್ಷ ಹೆಕ್ಟೇರಿನಲ್ಲಿ ಹೊಸ ಹಸುರು, ಇನ್ನೂ 50 ಲಕ್ಷ ಹೆಕ್ಟೇರಿನಲ್ಲಿ ಇರುವ ಕಾಡಿನ ಗುಣವರ್ಧನೆ; ಅಂದಾಜು ವೆಚ್ಚ 46,000 ಕೋಟಿ ರೂಪಾಯಿ. ಅಭಿಯಾನದ ಮೂಲ ದಾಖಲೆ ಹಿಂದಿನ ಯೋಜನೆಗಳಿಗಿಂತ ಪ್ರಬುದ್ಧವಾದುದು. ಕೇವಲ ಮರಗಳನ್ನು ಎಣಿಸದೆ ಜೀವವೈವಿಧ್ಯ, ನೀರು, ಜೀವನೋಪಾಯಗಳನ್ನು ಜೊತೆಗೆ ನೋಡಬೇಕೆಂದು ಅದು ಹೇಳಿತು. 4 ಲಕ್ಷ ಹೆಕ್ಟೇರ್ ಹುಲ್ಲುಗಾವಲಿನ, 1 ಲಕ್ಷ ಹೆಕ್ಟೇರ್ ಜೌಗುಭೂಮಿಯ ಪುನಶ್ಚೇತನವನ್ನು ಪ್ರತ್ಯೇಕವಾಗಿ ಹೆಸರಿಸಿತು. 1894ರ ನಾಲ್ಕನೆಯ ವರ್ಗ 120 ವರ್ಷಗಳ ನಂತರ ನೀತಿಗೆ ಮರಳಿತೆನ್ನಬಹುದು. 2025ರ ಜೂನ್‌ನಲ್ಲಿ ಬಂದ ಪರಿಷ್ಕೃತ ದಾಖಲೆ ಅರಾವಳಿ, ಪಶ್ಚಿಮ ಘಟ್ಟ, ಹಿಮಾಲಯ, ಕಾಂಡ್ಲಾವನಗಳೆಂದು ಪ್ರದೇಶಾನುಸಾರ ಚಿಂತಿಸುತ್ತದೆ.

ಆದರೆ ಅಂತರರಾಷ್ಟ್ರೀಯ ವಚನಗಳು ಬೇರೊಂದು ದಿಕ್ಕಿಗೆ ಎಳೆದವು. 2015ರಲ್ಲಿ ಪ್ಯಾರಿಸ್ ಒಪ್ಪಂದದ ಸಂದರ್ಭದಲ್ಲಿ ಭಾರತವು 2030ರೊಳಗೆ ಹೆಚ್ಚುವರಿ ಕಾಡು ಮತ್ತು ಮರಗಳ ಮೂಲಕ 250 ಕೋಟಿಯಿಂದ 300 ಕೋಟಿ ಟನ್ ಇಂಗಾಲದ ಡೈ ಆಕ್ಸೈಡಿಗೆ ಸಮನಾದಷ್ಟನ್ನು ಹೀರಿಕೊಳ್ಳುವ ಭರವಸೆ ನೀಡಿತು. ಬಾನ್ ಸವಾಲಿನಡಿ 2 ಕೋಟಿ 10 ಲಕ್ಷ ಹೆಕ್ಟೇರಿನ ಪುನಶ್ಚೇತನದ ವಚನವನ್ನು 2019ರ ಸೆಪ್ಟೆಂಬರಿನಲ್ಲಿ, ಮರುಭೂಮೀಕರಣ ಕುರಿತ ಸಮ್ಮೇಳನದಲ್ಲಿ, 2 ಕೋಟಿ 60 ಲಕ್ಷ ಹೆಕ್ಟೇರಿಗೆ ಏರಿಸಲಾಯಿತು. ಇಂಗಾಲದ ಗುರಿ ಕಾಡು ಮತ್ತು ಮರಗಳ ಹೆಸರಿನಲ್ಲಿರುವುದರಿಂದ ಬೆಳೆಯುವ ಮರಕ್ಕೆ ಬೆಲೆ ಬಂದಿತು. ಹುಲ್ಲುಗಾವಲಿನ ಇಂಗಾಲ ಬಹುಪಾಲು ಮಣ್ಣಿನೊಳಗೆ, ಬೇರಿನ ಜಾಲದಲ್ಲಿರುತ್ತದೆ. ಉಪಗ್ರಹಕ್ಕೆ ಅದು ಕಾಣದು. ಭಾರತೀಯ ಅರಣ್ಯ ಸಮೀಕ್ಷೆಯ ಲೆಕ್ಕದಲ್ಲಿ ಒಂದು ಹೆಕ್ಟೇರಿಗೆ ಮೇಲ್ಪಟ್ಟು, ಶೇ. 10ರಷ್ಟು ನೆತ್ತಿಹೊದಿಕೆಯಿರುವ ನೆಲವೆಲ್ಲ ಅರಣ್ಯಹೊದಿಕೆ. ಒಡೆತನ ಯಾರದೇ ಇರಲಿ, ತೋಪು ಯಾವುದೇ ಇರಲಿ. 2024ರ ಡಿಸೆಂಬರಿನಲ್ಲಿ ಪ್ರಕಟವಾದ 2023ರ ವರದಿಯಂತೆ ಅರಣ್ಯ ಮತ್ತು ಮರಗಳ ಹೊದಿಕೆ ದೇಶದ ಶೇ. 25.17ರಷ್ಟಿದೆ, 2005ಕ್ಕೆ ಹೋಲಿಸಿದರೆ 229 ಕೋಟಿ ಟನ್ ಹೆಚ್ಚುವರಿ ಇಂಗಾಲ ಸಂಗ್ರಹವಾಗಿದೆ. ಗುರಿ ಹತ್ತಿರದಲ್ಲಿದೆ. ಈ ಹೆಚ್ಚಳದಲ್ಲಿ ಕಾನು ಎಷ್ಟು, ತಿರುಳುಮರದ ತೋಪು ಎಷ್ಟು ಎಂಬುದನ್ನು ಒಟ್ಟು ಮೊತ್ತ ಹೇಳುವುದಿಲ್ಲ.

2023ರ ಅಕ್ಟೋಬರಿನ ಹಸಿರು ಸಾಲಾಂಕ ನಿಯಮಗಳೂ 2024ರ ಫೆಬ್ರವರಿಯ ವಿಧಾನಸೂತ್ರವೂ ಈ ಪ್ರವೃತ್ತಿಯ ತುತ್ತತುದಿ. ಅರಣ್ಯ ಇಲಾಖೆಯ ಅಧೀನದ ಸೊರಗಿದ ನೆಲದಲ್ಲಿ, ಅಂದರೆ ವಿರಳ ಕಾಡು, ಕುರುಚಲು, ಬಂಜರುಗಳಲ್ಲಿ, ಹೆಕ್ಟೇರಿಗೆ ಕನಿಷ್ಠ 1,100 ಗಿಡಗಳಂತೆ ನೆಟ್ಟವರಿಗೆ ಗಿಡಕ್ಕೊಂದರಂತೆ ಅಂಕ ಕೊಡುವುದು ಆ ಸೂತ್ರವಾಗಿತ್ತು. ಪರಿಸರ ವಿಜ್ಞಾನಿಗಳ ಟೀಕೆಯ ನಂತರ 2025ರಲ್ಲಿ ಅದನ್ನು ಪರಿಷ್ಕರಿಸಿ, ಐದು ವರ್ಷ ಕಳೆದು ಶೇ. 40ರಷ್ಟು ನೆತ್ತಿಹೊದಿಕೆ ಮೂಡಿದ ಮೇಲೆ ಮಾತ್ರ ಅಂಕವೆಂದು ನಿಗದಿಪಡಿಸಲಾಯಿತು. ನೆಟ್ಟ ಗಿಡ ಬದುಕಬೇಕೆಂಬ ವಿವೇಕ ಇದರಲ್ಲಿದೆ. ಆದರೆ ಶೇ. 40ರ ನೆತ್ತಿಹೊದಿಕೆ ಎಂದೂ ಮೂಡಬಾರದ ನೆಲಗಳು ಬಯಲುಸೀಮೆಯಲ್ಲಿವೆ ಎಂಬ ಅರಿವು ಇನ್ನೂ ಬರಬೇಕಾಗಿದೆ.

ಬನ್ನಿ ಮತ್ತು ಕಾವಲು

ಅಂತಹ ನೆಲದ ಮೇಲೆ ಮರ ಹೇರಿದರೆ ಏನಾಗುತ್ತದೆ ಎಂಬುದಕ್ಕೆ ಗುಜರಾತಿನ ಕಚ್ಛ ಪ್ರದೇಶದ ಬನ್ನಿ ಹುಲ್ಲುಗಾವಲು ದೊಡ್ಡ ನಿದರ್ಶನ. ಸುಮಾರು 2,500 ಚದರ ಕಿಲೋಮೀಟರಿನ ಈ ಬಯಲು ಮಾಲಧಾರಿ ಪಶುಪಾಲಕರ ಎಮ್ಮೆ ಹಿಂಡುಗಳ ಆಸರೆ. ಉಪ್ಪುಮರುಭೂಮಿ ಮುಂದುವರಿಯುವುದನ್ನು ತಡೆಯಬೇಕೆಂದು 1960ರ ದಶಕದಲ್ಲಿ ಅರಣ್ಯ ಇಲಾಖೆ ಅಲ್ಲಿ ಮೆಕ್ಸಿಕೋ-ದಕ್ಷಿಣ ಅಮೆರಿಕ ಮೂಲದ ಜಾಲಿಯನ್ನು ನೆಟ್ಟಿತು. ಕನ್ನಡ ನಾಡಿನಲ್ಲಿ ಬಳ್ಳಾರಿ ಜಾಲಿ ಎಂದು ಹೆಸರಾದ ಗಿಡವೇ ಅದು; ಬನ್ನಿಯ ಜನ ಅದನ್ನು ‘ಗಾಂಡೋ ಬಾವಳ್’, ಹುಚ್ಚು ಜಾಲಿ, ಎನ್ನುತ್ತಾರೆ. ದನಗಳು ಕಾಯಿ ತಿಂದು ಬೀಜ ಹರಡಿದಂತೆ ಜಾಲಿ ಹುಲ್ಲನ್ನು ನುಂಗುತ್ತ ಸಾಗಿತು. ಒಂದು ತಲೆಮಾರಿನ ಪುನಶ್ಚೇತನ ಯೋಜನೆ ಮುಂದಿನ ತಲೆಮಾರಿಗೆ ಪುನಶ್ಚೇತನದ ಸಮಸ್ಯೆಯಾಯಿತು. ಜಾಲಿಯನ್ನು ಬುಡಸಹಿತ ತೆಗೆದು ಹುಲ್ಲು ಮರಳಿಸುವ ಕೆಲಸ ಈಗ ಅಲ್ಲಿಯ ಕಾರ್ಯಸೂಚಿ. ಅಲ್ಲಿಯೂ ಸರಳ ಉತ್ತರವಿಲ್ಲ. ಜಾಲಿಯ ಇದ್ದಿಲು ಸುಟ್ಟು ಬದುಕುವ ಕುಟುಂಬಗಳು ಈ ಮಧ್ಯೆ ಹುಟ್ಟಿಕೊಂಡಿವೆ.

ಮೈಸೂರು ಸೀಮೆಯ ಕಾವಲುಗಳಿಗೆ ಬಂದ ಕುತ್ತು ಮರದಿಂದಷ್ಟೇ ಅಲ್ಲ. ಸ್ವಾತಂತ್ರ್ಯಾನಂತರ ‘ಹೆಚ್ಚು ಆಹಾರ ಬೆಳೆಯಿರಿ’ ಚಳವಳಿಯಿಂದ ಹಿಡಿದು ಸಾಗುವಳಿ, ಪುನರ್ವಸತಿ, ಕೈಗಾರಿಕೆಗಳಿಗೆಂದು ಅವು ತುಂಡುತುಂಡಾಗಿ ಹಂಚಿಹೋದವು. 2010ರ ಆಸುಪಾಸಿನಲ್ಲಿ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳ ಸಾವಿರಾರು ಎಕರೆಯನ್ನು ರಕ್ಷಣಾ, ಅಣುಶಕ್ತಿ, ಬಾಹ್ಯಾಕಾಶ ಹಾಗೂ ವಿಜ್ಞಾನ ಸಂಸ್ಥೆಗಳಿಗೆ ನೀಡಲಾಯಿತು. ಕುರಿ ಸಾಕಣೆ ಮತ್ತು ಕಂಬಳಿ ನೇಯ್ಗೆಯನ್ನು ನೆಚ್ಚಿದ ಹಳ್ಳಿಗಳ ದಾರಿಗೆ ಗೋಡೆಗಳು ಎದ್ದವು. ಪ್ರಕರಣ ಹಸಿರು ನ್ಯಾಯಮಂಡಳಿಗೆ ಹೋಯಿತು. ದೇಶಕ್ಕೆ ಆ ಸಂಸ್ಥೆಗಳ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು. ಅವುಗಳಿಗೆ ನೆಲ ಹುಡುಕುವಾಗ ಕಣ್ಣು ಮೊದಲು ಕಾವಲಿನ ಮೇಲೆ ಬಿದ್ದದ್ದು ಏಕೆಂಬುದು ಚರಿತ್ರೆಯ ಪ್ರಶ್ನೆ. ಕಡತದಲ್ಲಿ ಅದು ಖಾಲಿ ನೆಲವಾಗಿತ್ತು.

2006ರ ಅರಣ್ಯ ಹಕ್ಕು ಕಾಯಿದೆ ಈ ಖಾಲಿತನಕ್ಕೆ ಕಾನೂನಿನ ಮಟ್ಟದಲ್ಲಿ ಮೊದಲ ಗಂಭೀರ ಉತ್ತರ ಕೊಟ್ಟಿತು. ಅರಣ್ಯಭೂಮಿಯಲ್ಲಿ ಮೇಯಿಸುವ ಹಕ್ಕನ್ನೂ ಋತುಮಾನಕ್ಕೆ ತಕ್ಕಂತೆ ವಲಸೆ ಹೋಗುವ ಪಶುಪಾಲಕರ ಬಳಕೆಯನ್ನೂ ಅದು ಹೆಸರಿಟ್ಟು ಗುರುತಿಸಿತು. ಸಮುದಾಯ ಅರಣ್ಯ ಸಂಪನ್ಮೂಲವನ್ನು ರಕ್ಷಿಸುವ, ಪುನರುಜ್ಜೀವಿಸುವ ಅಧಿಕಾರವನ್ನು ಗ್ರಾಮಸಭೆಗೆ ನೀಡಿತು. ಪುನರುಜ್ಜೀವನದ ಹೊಣೆಯನ್ನು ಇಲಾಖೆಯ ಗುರಿಯಾಗಿ ಅಲ್ಲದೆ ಜನರ ಹಕ್ಕಾಗಿ ಬರೆದ ರಾಷ್ಟ್ರೀಯ ಶಾಸನ ಇದು. ಬನ್ನಿಯ ಮಾಲಧಾರಿಗಳು ತಮ್ಮ ಹುಲ್ಲಿಗಾಗಿ ಹಕ್ಕು ಕೇಳಿದ್ದು ಈ ಕಾಯಿದೆಯಡಿಯಲ್ಲಿಯೇ. ಆದರೆ ಕಾಯಿದೆ ಅನ್ವಯವಾಗುವುದು ಅರಣ್ಯಭೂಮಿಗೆ ಮಾತ್ರ. ಗೋಮಾಳ, ಖರಾಬುಗಳು ಅದರ ಹೊರಗಿವೆ. ನೂರು ದನಗಳಿಗೆ 30 ಎಕರೆಯಂತೆ ಗೋಮಾಳ ಕಾಯ್ದಿಡಬೇಕೆಂಬ ಕರ್ನಾಟಕದ ಕಂದಾಯ ನಿಯಮವು ಉಳಿಸಿದ್ದಕ್ಕಿಂತ, ಅದಕ್ಕಿಂತ ಹೆಚ್ಚಿದ್ದ ಗೋಮಾಳವನ್ನು ‘ಹೆಚ್ಚುವರಿ’ಯೆಂದು ಹಂಚಲು ದಾರಿ ಮಾಡಿಕೊಟ್ಟದ್ದೇ ಅಧಿಕ.

ವಿಶ್ವಸಂಸ್ಥೆ 2021ರಿಂದ 2030ರವರೆಗಿನ ಅವಧಿಯನ್ನು ಪರಿಸರ ವ್ಯವಸ್ಥೆಗಳ ಪುನಶ್ಚೇತನದ ದಶಕವೆಂದೂ, 2026ನ್ನು ಮೇವುಬಯಲು ಮತ್ತು ಪಶುಪಾಲಕರ ವರ್ಷವೆಂದೂ ಘೋಷಿಸಿದೆ. ಅಮೃತ ಮಹಲ್ ತಳಿಯ ಹಿಂಡುಗಳನ್ನು ಪಶುಪಾಲನಾ ಇಲಾಖೆ ಅಜ್ಜಂಪುರ ಮತ್ತು ಇತರ ಕೇಂದ್ರಗಳಲ್ಲಿ ಸಾಕುತ್ತ ಬಂದಿದೆ. ಬೇಸಿಗೆ, ಮಳೆಗಾಲ, ಚಳಿಗಾಲದ ಕಾವಲುಗಳ ನಡುವಿನ ಆ ಹಳೆಯ ಸಂಚಾರಕ್ಕೆ ಬೇಕಾದ ನೆಲದ ಬಹುಭಾಗ ಮಾತ್ರ ಕೈತಪ್ಪಿ ಹೋಗಿದೆ.